ಖಾಲಿ ಕಾರ್ಡು: ಗೆಳೆಯರ ನಡುವಿನ ನಗುವಿನ ಬಗ್ಗೆ ಕೆಲವು ಮಾತು

(ದತ್ತಿ ಉಪನ್ಯಾಸದ ಪೂರ್ಣಪಾಠ)



ದತ್ತಿ ಉಪನ್ಯಾಸವೆಂದರೆ ಒಬ್ಬ ಕವಿಯ ಬಗ್ಗೆಯೋ ಒಂದು ಕಾಲಘಟ್ಟದ ಬಗ್ಗೆಯೋ ಮಾತಾಡುವುದು ವಾಡಿಕೆ. ನಾನು ಒಂದು ಆಟದ ಬಗ್ಗೆ ಮಾತಾಡುತ್ತೇನೆ ಎಂದಾಗ ಈ ಉಪನ್ಯಾಸ ಏರ್ಪಡಿಸಿದ ಸಂಘದವರು ಮರುಮಾತಿಲ್ಲದೆ ಒಪ್ಪಿದರು. ಅವರಿಗೆ ಮೊದಲು ಕೃತಜ್ಞತೆ. ಆಟ ಅಮೆರಿಕದ್ದು. ಹಿಂದಿನ ಸಾಲುಗಳಲ್ಲಿ ಕೂತಿರುವ ಹುಡುಗ ಹುಡುಗಿಯರಲ್ಲಿ ಹಲವರು ಅದನ್ನು ಆಡಿರಬಹುದು. ಮುಂದಿನ ಸಾಲಿನ ಹಿರಿಯರಲ್ಲಿ ಕೆಲವರು ಹೆಸರೂ ಕೇಳಿರಲಿಕ್ಕಿಲ್ಲ. ಇಬ್ಬರಿಗೂ ಸಲ್ಲುವಂತೆ ಮಾತಾಡಲು ಪ್ರಯತ್ನಿಸುತ್ತೇನೆ.

ನನ್ನ ಪ್ರಶ್ನೆ ಇಷ್ಟೇ. ಮೊದಲ ರಾತ್ರಿ ಹೊಟ್ಟೆ ಹಿಡಿದುಕೊಂಡು ನಗುವ ಹಾಗೆ ಮಾಡಿದ ಆಟ, ಅದೇ ಗೆಳೆಯರ ನಡುವೆ, ಅದೇ ಹಜಾರದಲ್ಲಿ, ನಾಲ್ಕನೆಯ ವರ್ಷಕ್ಕೆ ಯಾಕೆ ಸಪ್ಪೆಯಾಯಿತು? ಗೆಳೆತನ ಹಳಸಿರಲಿಲ್ಲ. ನಗುವ ಶಕ್ತಿಯೂ ಕುಂದಿರಲಿಲ್ಲ. ಹಾಗಿದ್ದರೂ ಪೆಟ್ಟಿಗೆ ಕಪಾಟಿನ ಮೇಲಿನ ಅರೆಗೆ ಹೋಯಿತು, ಮತ್ತೆ ಇಳಿಯಲಿಲ್ಲ. ಈ ಸಣ್ಣ ಘಟನೆಯನ್ನು ಹತ್ತು ವರ್ಷದಿಂದ ಮನಸ್ಸಿನಲ್ಲಿ ತಿರುವಿ ಹಾಕುತ್ತ ಬಂದಿದ್ದೇನೆ. ಗೆಳೆಯರ ನಡುವೆ ನಗು ಎಲ್ಲಿಂದ ಹುಟ್ಟುತ್ತದೆ ಎಂಬ ದೊಡ್ಡ ಮಾತು ಅದರಲ್ಲಿ ಅಡಗಿದೆ ಎಂದು ನನಗನ್ನಿಸಿದೆ.

1. ಕಪ್ಪು ಪೆಟ್ಟಿಗೆ

2012ರ ಡಿಸೆಂಬರ್ 31. ಆಗ ನಾನು ಕೆಲಸದ ಮೇಲೆ ಶಿಕಾಗೊ ಹತ್ತಿರದ ಉಪನಗರವೊಂದರಲ್ಲಿದ್ದೆ. ಹೊರಗೆ ಕೊರೆಯುವ ಚಳಿ. ಗೆಳೆಯನ ಮನೆಯಲ್ಲಿ ಏಳು ಜನ ಕನ್ನಡಿಗರು ಬಿಸಿಬೇಳೆಬಾತ್ ಉಂಡು ಜಮಖಾನದ ಮೇಲೆ ಕಾಲು ಚಾಚಿ ಕೂತಿದ್ದೆವು. ಒಬ್ಬ ತನ್ನ ಆಫೀಸಿನವರು ಹೇಳಿದರೆಂದು ಒಂದು ಪೆಟ್ಟಿಗೆ ತಂದಿದ್ದ. ಇಡೀ ಪೆಟ್ಟಿಗೆ ಕಪ್ಪು. ಒಂದು ಚಿತ್ರವಿಲ್ಲ, ಒಂದು ಬಣ್ಣವಿಲ್ಲ. ಬಿಳಿಯ ದಪ್ಪ ಅಕ್ಷರದಲ್ಲಿ ಹೆಸರು: ಕಾರ್ಡ್ಸ್ ಅಗೇನ್ಸ್ಟ್ ಹ್ಯುಮ್ಯಾನಿಟಿ. ಮಾನವತೆಗೆ ಎದುರಾದ ಎಲೆಗಳು ಎಂದರ್ಥ. ಕೆಟ್ಟ ಜನರಿಗಾಗಿ ಮಾಡಿದ ಪಾರ್ಟಿ ಆಟ ಎಂದು ಅದೇ ತನ್ನನ್ನು ಪರಿಚಯಿಸಿಕೊಳ್ಳುತ್ತದೆ.

ಆಡುವ ಕ್ರಮ ಸುಲಭ. ಕಪ್ಪು ಕಾರ್ಡಿನ ಮೇಲೆ ಒಂದು ಪ್ರಶ್ನೆ, ಇಲ್ಲವೆ ಬಿಟ್ಟ ಸ್ಥಳವಿರುವ ಒಂದು ವಾಕ್ಯ. ಬಿಳಿ ಕಾರ್ಡಿನ ಮೇಲೆ ಒಂದು ಪದ ಅಥವಾ ಪದಗುಚ್ಛ. ಪ್ರತಿಯೊಬ್ಬರ ಕೈಯಲ್ಲಿ ಹತ್ತು ಬಿಳಿ ಕಾರ್ಡು. ಸರದಿಯ ಮೇಲೆ ಒಬ್ಬರು ತೀರ್ಪುಗಾರರು. ಅವರು ಕಪ್ಪು ಕಾರ್ಡನ್ನು ಗಟ್ಟಿಯಾಗಿ ಓದುತ್ತಾರೆ. ಉಳಿದವರು ಕೈಯಲ್ಲಿರುವುದರಲ್ಲಿ ಯಾವುದು ಹೆಚ್ಚು ನಗೆ ತರಿಸೀತೋ ಅದನ್ನು ಬೋರಲಾಗಿ ಇಡುತ್ತಾರೆ. ತೀರ್ಪುಗಾರರು ಕಲಸಿ, ಒಂದೊಂದಾಗಿ ಓದಿ, ಒಂದನ್ನು ಗೆಲ್ಲಿಸುತ್ತಾರೆ. ಶಾಲೆಯ ‘ಬಿಟ್ಟ ಸ್ಥಳ ತುಂಬಿರಿ’ ನೆನಪಾದರೆ ತಪ್ಪಿಲ್ಲ. ತುಂಬಲು ಕೊಟ್ಟ ಪದಗಳು ಮಾತ್ರ ಶಾಲೆಯವಲ್ಲ. ಮೈಯ ಗುಟ್ಟಿನ ಅಂಗಗಳು, ಮಲಮೂತ್ರ, ಕಾಯಿಲೆ, ಸಾವು, ಜನಾಂಗ, ಧರ್ಮ, ಚರಿತ್ರೆಯ ನರಮೇಧಗಳು, ಚಿತ್ರತಾರೆಯರು ಎಲ್ಲ ಒಂದೇ ಕಟ್ಟಿನಲ್ಲಿವೆ.

ಇದನ್ನು ಮಾಡಿದವರು ಎಂಟು ಜನ ಗೆಳೆಯರು. ಶಿಕಾಗೊದ ಉತ್ತರಕ್ಕಿರುವ ಹೈಲ್ಯಾಂಡ್ ಪಾರ್ಕ್ ಎಂಬ ಊರಿನ ಹೈಸ್ಕೂಲಿನಲ್ಲಿ ಒಟ್ಟಿಗೆ ಓದಿದವರು. ಹೊಸವರ್ಷದ ರಾತ್ರಿ ತಾವು ತಾವೇ ಆಡಲು ಕಟ್ಟಿಕೊಂಡ ಆಟ ಇದು. 1999ರಲ್ಲಿ ಬಂದ ‘ಆ್ಯಪಲ್ಸ್ ಟು ಆ್ಯಪಲ್ಸ್’ ಎಂಬ ಸಭ್ಯ ಕುಟುಂಬದ ಆಟ ಅವರಿಗೆ ಮಾದರಿ. 2010ರ ಡಿಸೆಂಬರಿನಲ್ಲಿ ಅವರು ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ 4,000 ಡಾಲರ್ ಕೇಳಿದರು. ಎರಡು ತಿಂಗಳಲ್ಲಿ 15,000ಕ್ಕಿಂತ ಹೆಚ್ಚು ಬಂತು. 2011ರಲ್ಲಿ ಆಟ ಮಾರಾಟಕ್ಕೆ ಬಂತು. ಮೊದಲ ಪೆಟ್ಟಿಗೆಯಲ್ಲಿ 90 ಕಪ್ಪು ಕಾರ್ಡು, 460 ಬಿಳಿ ಕಾರ್ಡು. ಮಾರಾಟದ ಉದ್ದೇಶವಿಲ್ಲದಿದ್ದರೆ ಯಾರು ಬೇಕಾದರೂ ಮುದ್ರಿಸಿಕೊಂಡು ಆಡಬಹುದೆಂದು ಅವರು ಮುಕ್ತ ಪರವಾನಗಿ ಕೊಟ್ಟಿದ್ದರು. ಬೆಂಗಳೂರಿನಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಕತ್ತರಿಯಲ್ಲಿ ಕತ್ತರಿಸಿ ಹಾಸ್ಟೆಲ್ ಕೋಣೆಯಲ್ಲಿ ಆಡಿದವರನ್ನೂ ನಾನು ಬಲ್ಲೆ.

2. ಮೊದಲ ರಾತ್ರಿಯ ನಗು

ಆ ರಾತ್ರಿ ನಾವು ನಕ್ಕದ್ದು ಸುಳ್ಳಲ್ಲ. ಒಬ್ಬನಿಗೆ ಉಸಿರು ಸಿಕ್ಕಿಕೊಂಡು ನೀರು ಕುಡಿಸಬೇಕಾಯಿತು. ಪಕ್ಕದ ಕೋಣೆಯಲ್ಲಿ ಮಲಗಿದ್ದ ಮಗು ಎರಡು ಸಲ ಎದ್ದಿತು. ಈಗ ಯೋಚಿಸಿದರೆ ಆ ನಗುವಿಗೆ ಕಾರಣ ಕಾರ್ಡಿನ ಮಾತಿಗಿಂತ ಅದನ್ನು ಓದುತ್ತಿದ್ದ ಬಾಯಿ. ನಮ್ಮಲ್ಲೊಬ್ಬ ಧಾರವಾಡದ ಕಡೆಯವನು. ಅಪ್ಪನ ಮುಂದೆ ಸಿಗರೇಟಿನ ಹೆಸರು ಎತ್ತದವನು. ಅವನು ಕನ್ನಡಕ ಸರಿಮಾಡಿಕೊಂಡು, ವಾರ್ತೆ ಓದುವವರ ಧಾಟಿಯಲ್ಲಿ, ಎಂದೂ ಬಾಯಿಗೆ ಬಾರದ ಮಾತನ್ನು ಇಂಗ್ಲಿಷಿನಲ್ಲಿ ಓದಿದ. ಅವನು ಹಾಗೆ ಓದಿದ್ದು ನಮ್ಮನ್ನು ಉರುಳಾಡಿಸಿತು. ಆಟ ಅವನಿಗೊಂದು ರಜೆ ಕೊಟ್ಟಿತ್ತು. ‘ನಾನು ಹೇಳಿದ್ದಲ್ಲ, ಕಾರ್ಡು ಹೇಳಿದ್ದು’ ಎಂಬ ನೆಪ ಎಲ್ಲರ ಕೈಯಲ್ಲೂ ಇತ್ತು.

ಅಮೆರಿಕದ ಮೇರಿಲ್ಯಾಂಡಿನಲ್ಲಿ ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿ ನಗುವಿನ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. ಬೀದಿ, ಅಂಗಡಿ, ಕಾಲೇಜಿನ ಅಂಗಳಗಳಲ್ಲಿ ಜನ ನಕ್ಕ ಸುಮಾರು 1,200 ಸಂದರ್ಭಗಳನ್ನು ಅವರೂ ಅವರ ವಿದ್ಯಾರ್ಥಿಗಳೂ ಗುರುತು ಹಾಕಿಕೊಂಡರು. ನಗುವಿಗೆ ಮುಂಚೆ ಆಡಿದ ಮಾತಿನಲ್ಲಿ ಜೋಕು ಎನ್ನಬಹುದಾದದ್ದು ಐದರಲ್ಲಿ ಒಂದು ಪಾಲೂ ಇರಲಿಲ್ಲ. ‘ಬರ್ತೀನಿ’, ‘ಓ, ಅವನು ಬಂದ ನೋಡು’ ಎಂಬಂಥ ಸಾದಾ ಮಾತಿಗೆ ಜನ ನಗುತ್ತಿದ್ದರು. ಒಂಟಿಯಾಗಿರುವಾಗಿನದಕ್ಕಿಂತ ಜೊತೆಯಲ್ಲಿರುವಾಗ ಮನುಷ್ಯ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆ ಎಂದೂ ಅವರು ಕಂಡುಕೊಂಡರು. ನಗು ಬರುವುದು ಮುಖ್ಯವಾಗಿ ಜೊತೆಯಿಂದ. ಮಾತು ಅದಕ್ಕೆ ನೆಪ.

ನಮ್ಮ ಭರತಮುನಿ ನಾಟ್ಯಶಾಸ್ತ್ರದ ರಸಾಧ್ಯಾಯದಲ್ಲಿ ನಗುವನ್ನು ಆರು ಬಗೆಯಾಗಿ ವಿಂಗಡಿಸಿದ್ದಾನೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಸ್ಮಿತದಲ್ಲಿ ಕೆನ್ನೆ ಸ್ವಲ್ಪ ಅರಳುತ್ತದೆ, ಹಲ್ಲು ಕಾಣುವುದಿಲ್ಲ. ಐದನೆಯದಾದ ಅಪಹಸಿತಕ್ಕೆ ಅವನು ಕೊಡುವ ಲಕ್ಷಣ ನನ್ನನ್ನು ಹಿಡಿದು ನಿಲ್ಲಿಸಿತು. ಕಣ್ಣಲ್ಲಿ ನೀರು ಬರುವುದು, ಹೆಗಲು ತಲೆ ಅಲುಗುವುದು ಇವುಗಳ ಜೊತೆಗೆ ‘ಅಸ್ಥಾನ’ದಲ್ಲಿ ನಗುವುದನ್ನೂ ಅವನು ಸೇರಿಸುತ್ತಾನೆ. ಸಲ್ಲದ ಜಾಗದಲ್ಲಿ ನಗುವುದು. ನಗುವಿಗೂ ಒಂದು ಠಾವು ಇದೆ, ಅದು ಠಾವು ತಪ್ಪಬಹುದು ಎಂಬ ಅರಿವು ಆ ಒಂದು ಪದದಲ್ಲಿದೆ. ನಮ್ಮ ಆಟದ ಇಡೀ ಬಂಡವಾಳ ಈ ಅಸ್ಥಾನವೇ. ಸಾವಿನ ಮನೆಯ ಮಾತು ಪಾರ್ಟಿಗೆ, ಶೌಚದ ಮಾತು ಊಟದ ಮನೆಗೆ. ಠಾವು ತಪ್ಪಿಸಿ ಇಟ್ಟ ಕೂಡಲೇ ಮೈ ಜುಮ್ಮೆನ್ನುತ್ತದೆ, ನಗು ಒದ್ದುಕೊಂಡು ಬರುತ್ತದೆ.

3. ಕಾರ್ಡಿಗೆ ಎರಡು ಸಾವು

ಪೀಟರ್ ಮೆಗ್ರಾ ಮತ್ತು ಕೇಲಬ್ ವಾರನ್ ಎಂಬ ಇಬ್ಬರು ಸಂಶೋಧಕರು 2010ರಲ್ಲಿ ನಗುವಿನ ಬಗ್ಗೆ ಒಂದು ವಿವರಣೆ ಮುಂದಿಟ್ಟರು. ಏನೋ ಒಂದು ಕಟ್ಟಳೆ ಮುರಿಯಬೇಕು. ಮುರಿದದ್ದು ನಿರಪಾಯ ಎಂದೂ ಅದೇ ಕ್ಷಣದಲ್ಲಿ ಅನ್ನಿಸಬೇಕು. ಎರಡೂ ಕೂಡಿದಾಗ ನಗು. ಕಟ್ಟಳೆ ಮುರಿಯದಿದ್ದರೆ ಬೇಸರ. ಅಪಾಯ ನಿಜವಾದರೆ ನೋವು. ಕಚಗುಳಿ ಇದಕ್ಕೆ ಒಳ್ಳೆಯ ಉದಾಹರಣೆ. ಅಪ್ಪ ಮಗುವಿಗೆ ಕಚಗುಳಿ ಇಟ್ಟರೆ ಮಗು ನಗುತ್ತದೆ, ಅಪರಿಚಿತ ಇಟ್ಟರೆ ಅಳುತ್ತದೆ. ತನಗೆ ತಾನೇ ಇಟ್ಟುಕೊಂಡರೆ ಏನೂ ಆಗುವುದಿಲ್ಲ.

ಈ ವಿವರಣೆಯನ್ನು ನಮ್ಮ ಜಮಖಾನದ ಮೇಲೆ ಹಾಸಿ ನೋಡಿ. ಕಾರ್ಡು ಸಾಯುವುದಕ್ಕೆ ಎರಡು ದಾರಿಗಳಿವೆ ಎಂದು ಕಾಣುತ್ತದೆ.

ಮೊದಲನೆಯದು ಸವೆತ. ಕಟ್ಟಳೆ ಒಮ್ಮೆ ಮುರಿಯುತ್ತದೆ. ಎರಡನೆಯ ಸಲ ಅದು ಆಗಲೇ ಮುರಿದಿರುತ್ತದೆ. ಎರಡನೆಯ ವರ್ಷ ನಾವು ಆಡುವಾಗ ಯಾವ ಕಾರ್ಡು ಗೆಲ್ಲುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಒಂದೆರಡು ಬಿಳಿ ಕಾರ್ಡು ಯಾವ ಪ್ರಶ್ನೆಗೆ ಹಾಕಿದರೂ ಗೆಲ್ಲುತ್ತಿದ್ದವು. ಕೈಗೆ ಬಂದವರು ತುರುಪು ಇಟ್ಟುಕೊಂಡ ಹಾಗೆ ಅದನ್ನು ಉಳಿಸಿಕೊಳ್ಳುತ್ತಿದ್ದರು. ಮೂರನೆಯ ವರ್ಷ ತೀರ್ಪುಗಾರ ಅರ್ಧ ಓದುವಷ್ಟರಲ್ಲಿ ಉಳಿದರ್ಧ ನಾವೇ ಹೇಳುತ್ತಿದ್ದೆವು. ಮಾಡಿದವರಿಗೂ ಇದು ತಿಳಿಯದ ವಿಷಯವಲ್ಲ. ಮೊದಲ ವರ್ಷದಿಂದಲೇ ಹೆಚ್ಚುವರಿ ಕಟ್ಟುಗಳು ಬರತೊಡಗಿದವು. ಆಮೇಲೆ ಕೆಂಪು ಪೆಟ್ಟಿಗೆ, ನೀಲಿ ಪೆಟ್ಟಿಗೆ, ಹಸಿರು ಪೆಟ್ಟಿಗೆ. ಒಂದು ಕಟ್ಟು ಸವೆಯುವಷ್ಟರಲ್ಲಿ ಇನ್ನೊಂದು ಕೊಳ್ಳಬೇಕು. ಖಾರ ತಿಂದು ನಾಲಿಗೆ ಜಡ್ಡುಗಟ್ಟಿದವನಿಗೆ ಇನ್ನಷ್ಟು ಖಾರ ಬೇಕಾಗುತ್ತದೆ. ಅಡುಗೆಯ ರುಚಿ ಮಾತ್ರ ಹೆಚ್ಚುವುದಿಲ್ಲ.

ಎರಡನೆಯ ಸಾವು ತಾಗುವುದರಿಂದ ಬರುವ ಸಾವು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

2013ರ ಬೇಸಿಗೆಯಲ್ಲಿ ನಮ್ಮ ಗೆಳೆಯರಲ್ಲೊಬ್ಬನ ತಂದೆ ಕ್ಯಾನ್ಸರಿನಿಂದ ತೀರಿಕೊಂಡರು. ಅವನು ಹಾಸನಕ್ಕೆ ಹೋಗಿ ಹದಿನೈದು ದಿನದಲ್ಲಿ ವಾಪಸು ಬಂದ. ತಲೆಗೂದಲು ಆಗಿನ್ನೂ ಮೊಳೆಯುತ್ತಿತ್ತು. ಆ ವರ್ಷದ ಡಿಸೆಂಬರ್ 31ಕ್ಕೆ ನಾವು ಮತ್ತೆ ಸೇರಿದೆವು, ಮತ್ತೆ ಪೆಟ್ಟಿಗೆ ತೆಗೆದೆವು. ಆ ಸರದಿಗೆ ನಾನೇ ತೀರ್ಪುಗಾರ. ಬೋರಲು ಬಿದ್ದ ಕಾರ್ಡುಗಳನ್ನು ಕಲಸಿ ಒಂದೊಂದೇ ಓದುತ್ತ ಹೋದೆ. ನಾಲ್ಕನೆಯ ಕಾರ್ಡು ಆ ಕಾಯಿಲೆಯದು. ಓದುವ ವೇಗದಲ್ಲಿ ಬಾಯಿ ಮುಂದೆ ಹೋಯಿತು, ಮನಸ್ಸು ಹಿಂದೆ ಉಳಿಯಿತು. ಓದಿ ಮುಗಿಸಿದ ಮೇಲೆ ಅವನ ಮುಖ ಕಂಡಿತು.

ಯಾರೂ ಮಾತಾಡಲಿಲ್ಲ. ಅಡುಗೆಮನೆಯಲ್ಲಿ ಡಿಶ್‌ವಾಷರಿನ ಸದ್ದು ಮಾತ್ರ ಇತ್ತು. ಆ ಕಾರ್ಡು ಹಾಕಿದವನು ಯಾರೆಂದು ನಾನು ಈವರೆಗೂ ಕೇಳಿಲ್ಲ, ಅವನೂ ಹೇಳಿಲ್ಲ. ಹತ್ತರಲ್ಲಿ ಒಂದನ್ನು ಆರಿಸುವ ಅವಸರದಲ್ಲಿ ಅವನಿಗೂ ಹೊಳೆದಿರಲಿಕ್ಕಿಲ್ಲ. ಕೊನೆಗೆ ತಂದೆಯನ್ನು ಕಳೆದುಕೊಂಡವನೇ, ‘ಇರಲಿ ಬಿಡ್ರೋ, ಮುಂದಿಂದು ಓದು’ ಎಂದ. ನಾನು ಓದಿದೆ. ಅವನು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕ. ಆ ನಗುವನ್ನು ಕೇಳುವುದು ಕಷ್ಟವಾಗಿತ್ತು. ನಮ್ಮ ಸಂಜೆ ಕೆಡಬಾರದೆಂದು ಅವನು ಅದನ್ನು ತೆತ್ತಿದ್ದ.

ಇದನ್ನು ಆಟದ ಮೇಲಿನ ದೂರಾಗಿ ಹೇಳುತ್ತಿಲ್ಲ. ಹಾಕಿದವನು ಗೆಳೆಯ, ಓದಿದವನು ನಾನು. ಗೆಳೆತನ ಬೆಳೆದ ಹಾಗೆ ಏನಾಗುತ್ತದೆಂದು ತೋರಿಸಲು ಹೇಳಿದೆ. ಇಪ್ಪತ್ತೈದರ ವಯಸ್ಸಿನಲ್ಲಿ ಸಾವು, ಕಾಯಿಲೆ, ಬಂಜೆತನ, ವಿಚ್ಛೇದನ ಎಲ್ಲ ಬೇರೆಯವರ ಮನೆಯ ಸುದ್ದಿ. ಮೂವತ್ತೈದಕ್ಕೆ ಅವು ಈ ಜಮಖಾನದ ಮೇಲೆ ಕೂತವರ ಸುದ್ದಿಯಾಗಿರುತ್ತವೆ. ಒಬ್ಬಳಿಗೆ ಹೊಟ್ಟೆಯಲ್ಲೇ ಮಗು ತೀರಿಕೊಂಡಿರುತ್ತದೆ. ಒಬ್ಬನ ತಮ್ಮ ಕುಡಿತಕ್ಕೆ ಬಿದ್ದಿರುತ್ತಾನೆ. ಇದೆಲ್ಲ ನಮಗೆ ಗೊತ್ತಿರುತ್ತದೆ, ಗೊತ್ತಿರುವುದಕ್ಕೇ ಗೆಳೆಯರು. ಹಾಗಾಗಿ ವರ್ಷದಿಂದ ವರ್ಷಕ್ಕೆ ಕಟ್ಟಿನ ಒಂದು ಪಾಲು ಸವೆದು ಸಪ್ಪೆಯಾಗುತ್ತದೆ, ಇನ್ನೊಂದು ಪಾಲು ಯಾರಿಗೋ ತಾಗುತ್ತದೆ. ನಡುವೆ ನಗಲು ಉಳಿದ ಜಾಗ ಎರಡೂ ಕಡೆಯಿಂದ ಕಿರಿದಾಗುತ್ತ ಬರುತ್ತದೆ. ಅಪರಿಚಿತರ ನಡುವೆ ಈ ಆಟ ಹೆಚ್ಚು ಕಾಲ ಬದುಕುತ್ತದೆ, ಗಾಢ ಗೆಳೆಯರ ನಡುವೆ ಬೇಗ ಸಾಯುತ್ತದೆ ಎಂದು ನಾನು ಹೇಳುವುದು ಇದರಿಂದ.

‘ಈಗಿನವರು ಸೂಕ್ಷ್ಮವಾಗಿಬಿಟ್ಟರು, ತಮಾಷೆ ತಡೆಯಲಾರರು’ ಎಂಬ ಮಾತು ಆಗಾಗ ಕೇಳುತ್ತದೆ. ನನ್ನ ಗೆಳೆಯರು ಸೂಕ್ಷ್ಮವಾಗಲಿಲ್ಲ. ಅವರು ಒಬ್ಬರನ್ನೊಬ್ಬರು ಹೆಚ್ಚು ಅರಿತರು. ಆಟ ಮಾಡಿದವರಿಗೂ ಇಂಥ ಅರಿವು ಬಂದದ್ದುಂಟು. ಲಿಂಗಾಂತರಿಗಳನ್ನು ಹಂಗಿಸುವ ಒಂದು ಕಾರ್ಡು ಬರೆದದ್ದಕ್ಕೆ ಅವರಲ್ಲೊಬ್ಬರಾದ ಮ್ಯಾಕ್ಸ್ ಟೆಮ್‌ಕಿನ್ 2014ರಲ್ಲಿ ಬಹಿರಂಗವಾಗಿ ವಿಷಾದ ಸೂಚಿಸಿದರು. 2020ರ ಮಾರ್ಚಿನಲ್ಲಿ ಕೊರೋನಾ ಕಾಲಕ್ಕೆ ಜನ ಮನೆಯೊಳಗೆ ಸಿಕ್ಕಿಕೊಂಡಾಗ, ಮಕ್ಕಳೊಂದಿಗೆ ಆಡಬಹುದಾದ ಕುಟುಂಬದ ಕಟ್ಟೊಂದನ್ನು ಅದೇ ಕಂಪನಿ ಉಚಿತವಾಗಿ ಮುದ್ರಿಸಿಕೊಳ್ಳಲು ಬಿಟ್ಟಿತು.

4. ಆಡುವವರು ಯಾರು?

ಸವೆತ ಮತ್ತು ತಾಗುವಿಕೆ ಎರಡನ್ನೂ ಹೇಳಿದೆ. ಇವೆರಡರ ಬೇರಿನಲ್ಲಿರುವ ಕಾರಣ ಇನ್ನೊಂದಿದೆ. ಈ ಆಟಕ್ಕೆ ಆಡುವವರಿಂದ ಬೇಕಾದದ್ದು ತೀರ ಕಡಿಮೆ.

ನಿಯಮದ ಹಾಳೆಯಲ್ಲಿಯೇ ಒಂದು ಐಚ್ಛಿಕ ನಿಯಮವಿದೆ. ಇಲ್ಲದ ಒಬ್ಬ ಆಟಗಾರನನ್ನು ಕಲ್ಪಿಸಿಕೊಳ್ಳಿ, ಪ್ರತಿ ಸರದಿಗೂ ಕಟ್ಟಿನ ಮೇಲಿಂದ ಕಣ್ಣುಮುಚ್ಚಿ ಒಂದು ಬಿಳಿ ಕಾರ್ಡನ್ನು ಅವನ ಪರವಾಗಿ ಹಾಕಿ; ಅವನೇನಾದರೂ ಗೆದ್ದರೆ ಎಲ್ಲರೂ ನಾಚಿಕೊಂಡು ಮನೆಗೆ ಹೋಗಿ ಎನ್ನುತ್ತದೆ ಅದು. ನಾವು ಈ ನಿಯಮ ಹಾಕಿಕೊಂಡು ಆಡಿದ ರಾತ್ರಿ ಆ ಇಲ್ಲದ ಮನುಷ್ಯ ಎರಡನೆಯ ಸ್ಥಾನಕ್ಕೆ ಬಂದ. ಚದುರಂಗದಲ್ಲಿ ಕಣ್ಣುಮುಚ್ಚಿ ಕಾಯಿ ನಡೆಸಿ ಯಾರೂ ಎರಡನೆಯವರಾಗಲಾರರು. ರಮ್ಮಿಯಲ್ಲಿ ಹದಿಮೂರು ಎಲೆಯನ್ನು ಮನಸ್ಸಿಗೆ ಬಂದಂತೆ ಎಸೆದರೆ ನಾಲ್ಕೇ ಸುತ್ತಿಗೆ ಬಣ್ಣ ಬಯಲಾಗುತ್ತದೆ.

ಇದು ನಮ್ಮ ಏಳು ಜನರ ಅನುಭವವಷ್ಟೇ ಅಲ್ಲ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಡಾನ್ ಓಫರ್ ಮತ್ತು ಡಾಫ್ನಾ ಶಹಾಫ್ 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆನ್‌ಲೈನಿನಲ್ಲಿ ಆಡಿದ ಇದೇ ಆಟದ 3,00,000 ಸರದಿಗಳು, ಅವುಗಳಲ್ಲಿ ಮೂಡಿದ 7,85,000 ಬೇರೆ ಬೇರೆ ಜೋಡಿಗಳು ಅವರ ಕೈಯಲ್ಲಿದ್ದವು. ಯಾವ ಜೋಡಿ ಗೆಲ್ಲುತ್ತದೆಂದು ಊಹಿಸಲು ಅವರು ಕಂಪ್ಯೂಟರಿಗೆ ಕಲಿಸಿದರು. ಆಡುವವರು ಯಾರೆಂದು ಒಂದಿಷ್ಟೂ ತಿಳಿಯದೆ, ಸುಮ್ಮನೆ ಊಹಿಸಿದ್ದಕ್ಕಿಂತ ಎರಡು ಪಟ್ಟು ಸರಿಯಾಗಿ ಅದು ಹೇಳಿತು. ಹೇಳಿದ್ದು ಬಹುಪಾಲು ಬಿಳಿ ಕಾರ್ಡೊಂದನ್ನೇ ನೋಡಿ. ಕಪ್ಪು ಕಾರ್ಡಿನ ಪ್ರಶ್ನೆ ಏನಿದ್ದರೂ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಲೆಕ್ಕದ ಪ್ರಕಾರ 90 ಕಪ್ಪು ಕಾರ್ಡಿಗೆ 460 ಬಿಳಿ ಕಾರ್ಡು ಒಂದೊಂದಾಗಿ ಹೊಂದಿಸಿದರೆ 41,400 ಜೋಡಿಗಳಾಗುತ್ತವೆ. ಕಾಗದದ ಮೇಲೆ ಇದು ಮುಗಿಯದ ಐಶ್ವರ್ಯ. ಗೆಲುವು ಬಿಳಿ ಕಾರ್ಡಿನದೇ ಆದರೆ ನಮಗಿರುವುದು 460 ಪಟಾಕಿ. ಎಲ್ಲಿ ಹಚ್ಚಿದರೂ ಅದೇ ಸದ್ದು, ಒಂದು ಸಲ ಮಾತ್ರ.

ಇಸ್ಪೀಟಿನ 52 ಎಲೆಗಳಿಗೆ ಬಾಯಿಲ್ಲ. ಕಳಾವರದ ಏಳು ಏನನ್ನೂ ಹೇಳುವುದಿಲ್ಲ. ಅದಕ್ಕೆ ಅರ್ಥ ಬರುವುದು ಎದುರು ಕೂತ ಮಾವ ಅದನ್ನು ಎಸೆಯುವ ಮುನ್ನ ಮೀಸೆ ಸವರಿಕೊಂಡದ್ದರಿಂದ. ಅವರು ಸುಳ್ಳು ಹೇಳುವಾಗ ಮೀಸೆ ಸವರುತ್ತಾರೆಂದು ನಮಗೆ ಇಪ್ಪತ್ತು ವರ್ಷದಿಂದ ಗೊತ್ತು. ಆದ್ದರಿಂದ ಅದೇ ಹಳೆಯ ಕಟ್ಟನ್ನು ಅಂಚು ಸವೆಯುವ ತನಕ ಆಡುತ್ತೇವೆ, ಬೇಸರ ಬರುವುದಿಲ್ಲ. ಎಲೆ ಮೂಕವಾಗಿದ್ದರೆ ಮನುಷ್ಯರು ಮಾತಾಡುತ್ತಾರೆ. ನಮ್ಮ ಕಪ್ಪು ಪೆಟ್ಟಿಗೆಯಲ್ಲಿ ಎಲೆಯೇ ಮಾತಾಡಿ ಮುಗಿಸುತ್ತಿತ್ತು.

5. ನಮ್ಮಲ್ಲೂ ಇತ್ತಲ್ಲ

ಇಲ್ಲಿ ಯಾರಿಗಾದರೂ ಒಂದು ಪ್ರಶ್ನೆ ಬರಬಹುದು: ಪೋಲಿ ಮಾತೇ ತಪ್ಪೆನ್ನುತ್ತೀರಾ? ಇಲ್ಲ. ಉತ್ತರ ಕರ್ನಾಟಕದಲ್ಲಿ ಕಾಮನ ಹಬ್ಬ ನೋಡಿದವರು ಹಾಗೆ ಹೇಳಲಾರರು. ಹುಡುಗರು ಬಾಯಿ ಬಡಿದುಕೊಂಡು ಲಬೋ ಲಬೋ ಎನ್ನುತ್ತ ಓಣಿ ತಿರುಗುತ್ತಾರೆ, ಕಟ್ಟಿಗೆ ಕುಳ್ಳು ಕದಿಯುತ್ತಾರೆ, ಬೇರೆ ದಿನ ಆಡಿದರೆ ಏಟು ಬೀಳುವ ಮಾತನ್ನು ಅಂದು ಆಡುತ್ತಾರೆ. ಕಾಮ ಸುಟ್ಟ ಮೇಲೆ ಆ ರಜೆ ಮುಗಿಯಿತು. ಮುಂದಿನ ಫಾಲ್ಗುಣದವರೆಗೆ ಕಟ್ಟಳೆ ಮತ್ತೆ ಗಟ್ಟಿಯಾಗಿ ನಿಲ್ಲುತ್ತದೆ. ಹಾಗೆ ನಿಲ್ಲುವುದರಿಂದ ಬರುವ ವರ್ಷ ಅದನ್ನು ಮುರಿಯುವುದರಲ್ಲಿ ಮತ್ತೆ ಸ್ವಾದವಿರುತ್ತದೆ.

ಮದುವೆಮನೆಯ ಬೀಗರ ಹಾಡನ್ನು ನೆನೆಯಿರಿ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರ ಮೂಗು, ಹೊಟ್ಟೆ, ಜಿಪುಣತನ ಯಾವುದನ್ನೂ ಬಿಡುವುದಿಲ್ಲ. ಬೈಗುಳ ಅಲ್ಲೂ ಇದೆ. ಧಾಟಿ ಹಳೆಯದು, ಒಳಗೆ ಸೇರುವ ವಿವರ ಅಂದಿನದು. ಬೀಗಿತ್ತಿ ಬಸ್ಸಿಳಿಯುವಾಗ ಸೆರಗು ಎಲ್ಲಿ ಸಿಕ್ಕಿಕೊಂಡಿತು, ಬೀಗರು ಎಷ್ಟು ಹೋಳಿಗೆ ತಿಂದರು ಎಂದು ನೋಡಿಕೊಂಡವರು ಮಾತ್ರ ಆ ಹಾಡು ಕಟ್ಟಬಲ್ಲರು. ಹಾಡಿಸಿಕೊಂಡವರಿಗೆ ತಿರುಗಿ ಹಾಡುವ ಹಕ್ಕೂ ಇದೆ. ಮಕ್ಕಳ ‘ಕತ್ತೆ’ ಆಟವೂ ಹಾಗೆಯೇ. ಕೊನೆಗೆ ಎಲೆ ಉಳಿದವನು ಕತ್ತೆ. ನಾವು ಕತ್ತೆ ಎಂದು ಕೂಗಿದ್ದು ಅತ್ತೆಯ ಮಗನನ್ನು. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಅವನೂ ನಮ್ಮನ್ನು ಹತ್ತು ಸಲ ಕೂಗಿರುತ್ತಿದ್ದ. ಈ ಎಲ್ಲ ಕಡೆ ಹಂಗಿಸುವವನಿಗೂ ಹಂಗಿಸಿಕೊಳ್ಳುವವನಿಗೂ ನಡುವೆ ಒಂದು ಸಂಬಂಧವಿದೆ. ತಾಗಿದರೆ ಸವರಲು ಅಲ್ಲೊಂದು ಕೈ ಇದೆ. ಅಚ್ಚಾದ ಕಾರ್ಡಿಗೆ ಎದುರು ಕೂತವರು ಯಾರೆಂದು ತಿಳಿಯದು. ಅದು ಯಾರ ಬೀಗನೂ ಅಲ್ಲ.

6. ತಿಳಿದವರಿಗೆ ಮಾತ್ರ

ಗೆಳೆಯರನ್ನು ಬಲ್ಲವರೇ ಗೆಲ್ಲುವ ಕಾರ್ಡಿನಾಟಗಳೂ ಹೊರನಾಡಿನಲ್ಲಿವೆ. ಫ್ರಾನ್ಸಿನ ಜಾಂ ಲೂಯಿ ರೂಬೀರಾ 2008ರಲ್ಲಿ ಹೊರತಂದ ‘ದಿಕ್ಸಿಟ್’ ಅಂಥದ್ದು. ಅವರು ವೃತ್ತಿಯಿಂದ ಮಕ್ಕಳ ಮನೋವೈದ್ಯರು. ಜರ್ಮನಿಯಲ್ಲಿ ವರ್ಷದ ಆಟವೆಂದು ಕೊಡುವ ಪ್ರಸಿದ್ಧ ಪ್ರಶಸ್ತಿ 2010ರಲ್ಲಿ ಅದಕ್ಕೆ ಬಂತು. ಅದರ 84 ಕಾರ್ಡುಗಳ ಮೇಲೆ ಒಂದು ಅಕ್ಷರವಿಲ್ಲ. ಮರೀ ಕಾರ್ದೂವಾ ಬರೆದ ಕನಸಿನಂಥ ಚಿತ್ರಗಳು ಮಾತ್ರ. ಒಬ್ಬರು ತಮ್ಮ ಕೈಯ ಚಿತ್ರವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಮಾತು ಹೇಳುತ್ತಾರೆ. ಉಳಿದವರು ಆ ಮಾತಿಗೆ ಹೊಂದುವ ಚಿತ್ರವನ್ನು ತಮ್ಮ ಕೈಯಿಂದ ಸೇರಿಸುತ್ತಾರೆ. ಎಲ್ಲವನ್ನೂ ಕಲಸಿ ಹರಡಿದಾಗ ಹೇಳಿದವರ ಚಿತ್ರ ಯಾವುದೆಂದು ಗುರುತಿಸಬೇಕು.

ಅದರ ಅಂಕದ ಕಟ್ಟಳೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಅಂಶವಿದೆ. ಹೇಳಿದ ಮಾತು ಎಲ್ಲರಿಗೂ ತಿಳಿದುಬಿಟ್ಟರೆ ಹೇಳಿದವರಿಗೆ ಸೊನ್ನೆ. ಯಾರಿಗೂ ತಿಳಿಯದಿದ್ದರೂ ಸೊನ್ನೆ. ಕೆಲವರಿಗೆ ಮಾತ್ರ ಹೊಳೆಯಬೇಕು. ಅಂದರೆ ಈ ಕೋಣೆಯಲ್ಲಿ ಯಾರಿಗೆ ಯಾವ ನೆನಪಿದೆ ಎಂದು ಯೋಚಿಸಿ ಮಾತಾಡಬೇಕು. ‘ಮಳೆಗಾಲದ ಹಂಚು’ ಎಂದರೆ ಮಲೆನಾಡಿನಲ್ಲಿ ಬೆಳೆದ ಇಬ್ಬರಿಗೆ ಥಟ್ಟನೆ ಗೊತ್ತಾಗುತ್ತದೆ, ಮೂರನೆಯವರು ತಡಕಾಡುತ್ತಾರೆ. ನನ್ನ ಮನೆಯಲ್ಲಿ ಈಗಲೂ ಈ ಆಟ ನಡೆಯುತ್ತದೆ. ಗೆಳೆತನ ಹಳೆಯದಾದಷ್ಟೂ ಅದಕ್ಕೆ ಬೆಲೆ ಹೆಚ್ಚುತ್ತದೆ, ಯಾಕೆಂದರೆ ಹಂಚಿಕೊಂಡ ನೆನಪು ಹೆಚ್ಚುತ್ತದೆ.

7. ಖಾಲಿ ಕಾರ್ಡು

ಮುಗಿಸುವ ಮೊದಲು ಕಪ್ಪು ಪೆಟ್ಟಿಗೆಗೆ ಮರಳುತ್ತೇನೆ. ಅದರ ಹುಟ್ಟಿನ ಕಥೆಯಲ್ಲಿ ಒಂದು ಮಾತನ್ನು ಇಲ್ಲಿಯವರೆಗೆ ಉಳಿಸಿಕೊಂಡಿದ್ದೆ. ಹೈಲ್ಯಾಂಡ್ ಪಾರ್ಕಿನ ಆ ಎಂಟು ಗೆಳೆಯರು ಮೊದಮೊದಲು ಆಡುವಾಗ ಬಿಳಿ ಕಾರ್ಡುಗಳೇ ಇರಲಿಲ್ಲ. ಆಟದ ಹೆಸರೂ ಆಗ ‘ಕಾರ್ಡನ್‌ಫ್ರಾಯ್ಡ’ ಎಂದಿತ್ತು. ಪ್ರಶ್ನೆ ಕೇಳಿದ ಮೇಲೆ ಪ್ರತಿಯೊಬ್ಬರೂ ತಮ್ಮ ಉತ್ತರವನ್ನು ತಾವೇ ಬರೆಯುತ್ತಿದ್ದರು. ಉತ್ತರಗಳನ್ನು ಮೊದಲೇ ಬರೆದಿಡುವ ಕ್ರಮ, ಈಗಿನ ಹೆಸರು, ಎರಡೂ ಆಮೇಲೆ ಬಂದವು. ಇದನ್ನು ಓದಿದ ದಿನ ನನ್ನ ಹಳೆಯ ಪ್ರಶ್ನೆಗೆ ಬಾಗಿಲು ತೆರೆದ ಹಾಗಾಯಿತು. ಅವರು ಆಡಿದ್ದು ಒಂದು ಆಟ, ನಮಗೆ ಸಿಕ್ಕಿದ್ದು ಇನ್ನೊಂದು. ಅವರು ಒಬ್ಬರನ್ನೊಬ್ಬರು ಬಲ್ಲ ಬಲದಿಂದ ಬರೆದು ನಕ್ಕಿದ್ದರು. ಮಾರಾಟಕ್ಕೆ ಬರುವ ಹೊತ್ತಿಗೆ ಬರವಣಿಗೆ ಮುಗಿದಿತ್ತು. ನಮ್ಮ ಕೈಗೆ ಬಂದದ್ದು ಬೇರೆಯವರ ಪಾರ್ಟಿಯ ಉತ್ತರಗಳು.

2015ರ ಡಿಸೆಂಬರ್ 31, ನಾವು ಪೆಟ್ಟಿಗೆ ತೆಗೆದ ಕೊನೆಯ ರಾತ್ರಿ. ಆಟ ಹತ್ತು ನಿಮಿಷದಲ್ಲೇ ಎಳೆದಾಡತೊಡಗಿತು. ಇಬ್ಬರು ಮೊಬೈಲು ನೋಡುತ್ತಿದ್ದರು. ಹೆಚ್ಚುವರಿ ಕಟ್ಟಿನ ತಳದಲ್ಲಿ ಕೆಲವು ಖಾಲಿ ಕಾರ್ಡುಗಳಿದ್ದವು. ನಮಗೆ ಬೇಕಾದ್ದು ಬರೆದುಕೊಳ್ಳಲಿ ಎಂದು ಸೇರಿಸಿದ್ದವು. ಅಷ್ಟು ವರ್ಷ ಅವನ್ನು ಯಾರೂ ಮುಟ್ಟಿರಲಿಲ್ಲ. ಒಬ್ಬ ಬಾಲ್‌ಪೆನ್ ತಂದು ಎಲ್ಲರಿಗೂ ಒಂದೊಂದು ಹಂಚಿದ.

ಮನೆಯಾಕೆಯನ್ನು ನಾವೆಲ್ಲ ಅತ್ತಿಗೆ ಎನ್ನುತ್ತಿದ್ದೆವು. ತಿಪಟೂರಿನವರು. ನಾಲ್ಕು ವರ್ಷದಿಂದ ನಮ್ಮೊಡನೆ ಆಡುತ್ತಿದ್ದರು; ಆಡುತ್ತಿದ್ದರು ಎನ್ನುವುದಕ್ಕಿಂತ ಜೊತೆಗೆ ಕೂರುತ್ತಿದ್ದರು. ಕಾರ್ಡಿನಲ್ಲಿದ್ದ ಅಮೆರಿಕದ ಟಿವಿ ನಟರು, ಅಲ್ಲಿನ ತಿಂಡಿಗಳು, ಅಲ್ಲಿನ ಪೋಲಿ ಮಾತು ಅವರಿಗೆ ತಿಳಿಯುತ್ತಿರಲಿಲ್ಲ. ಕೇಳಿದರೆ ನಮಗೆ ವಿವರಿಸಲು ಮುಜುಗರ. ಒಮ್ಮೆಯೂ ಗೆದ್ದಿರಲಿಲ್ಲ.

‘ಅತ್ತಿಗೆ, ನೀವೂ ಬರೀರಿ.’

‘ನಾನೇನ್ ಬರೀಲಪ್ಪ?’

‘ಏನಾದ್ರೂ. ಕನ್ನಡದಲ್ಲೇ ಬರೀರಿ.’

ಅವರು ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಯಾರಿಗೂ ಕಾಣದಂತೆ ಎಡಗೈ ಅಡ್ಡ ಹಿಡಿದು, ಒಂದು ಸಾಲು ಬರೆದರು. ಕಪ್ಪು ಕಾರ್ಡಿನ ಪ್ರಶ್ನೆ ಚಳಿಗಾಲದಲ್ಲಿ ನನ್ನನ್ನು ಬೆಚ್ಚಗಿಡುವುದು ಯಾವುದು ಎಂಬರ್ಥದ್ದು. ತೀರ್ಪುಗಾರ ನಮ್ಮ ಹಾಸನದ ಗೆಳೆಯ, ತಂದೆಯನ್ನು ಕಳೆದುಕೊಂಡವನು. ಒಂದೊಂದಾಗಿ ಓದುತ್ತ ಬಂದು, ಒಂದು ಕಾರ್ಡನ್ನು ಹಿಡಿದು ಹಾಗೇ ನಿಂತುಬಿಟ್ಟ. ಭುಜ ಕುಲುಕತೊಡಗಿತು. ಓದಲು ಮೂರು ಸಲ ಪ್ರಯತ್ನಿಸಬೇಕಾಯಿತು. ಕಾರ್ಡಿನಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ಓಹೇರ್‌ನಲ್ಲಿ ಸೀನಿದ ಸಾಹೇಬರು, ನಮ್ಮಮ್ಮನ ಮೆಂತ್ಯದ ಹಿಟ್ಟು.

ಹೊರಗಿನವರಿಗೆ ಇದರಲ್ಲಿ ನಗುವಂಥದ್ದೇನೂ ಇಲ್ಲ. ನಮಗೆ ಆ ಕಥೆ ಗೊತ್ತಿತ್ತು. ಆ ಆಗಸ್ಟಿನಲ್ಲಿ ಅತ್ತಿಗೆಯ ತಾಯಿ ಮೊದಲ ಸಲ ಶಿಕಾಗೊಗೆ ಬಂದಿದ್ದರು. ಓಹೇರ್ ವಿಮಾನ ನಿಲ್ದಾಣದಲ್ಲಿ ಅವರ ಚೀಲದಿಂದ ಹೊರಬಂದ ಹಳದಿ ಪುಡಿಯ ಪೊಟ್ಟಣ ಕಂಡು ಅಧಿಕಾರಿ ಏನಿದು ಎಂದು ಕೇಳಿದ್ದಾನೆ. ಇಂಗ್ಲಿಷ್ ಬಾರದ ಆ ತಾಯಿ, ತಾವೇ ಪೊಟ್ಟಣ ಬಿಚ್ಚಿ, ಮೂಸಿ ನೋಡಪ್ಪ ಎಂದು ಅವನ ಮೂಗಿಗೆ ಹಿಡಿದಿದ್ದಾರೆ. ಅವನು ಸೀನುತ್ತ ಸೀನುತ್ತ ಮುಂದೆ ಹೋಗಿ ಎಂದು ಕೈ ಬೀಸಿದ್ದಾನೆ. ಆ ಹಿಟ್ಟನ್ನು ಬಿಸಿ ಅನ್ನಕ್ಕೆ ತುಪ್ಪದ ಜೊತೆ ಕಲಸಿಕೊಂಡು ನಾವೆಲ್ಲ ಉಂಡಿದ್ದೆವು. ಆ ತಾಯಿ ನವೆಂಬರಿನಲ್ಲಿ ಊರಿಗೆ ಮರಳಿದ್ದರು, ಡಬ್ಬದ ತಳದಲ್ಲಿ ಇನ್ನೂ ಎರಡು ಚಮಚ ಉಳಿದಿತ್ತು. ಇಷ್ಟೂ ಆ ಒಂದು ಸಾಲಿನಲ್ಲಿತ್ತು. ಅತ್ತಿಗೆ ಮೊದಲ ಸಲ ಗೆದ್ದರು. ಹಾಸನದ ಗೆಳೆಯ ಕಣ್ಣೊರೆಸಿಕೊಳ್ಳುತ್ತಿದ್ದ. ಎರಡು ವರ್ಷದ ಹಿಂದೆ ಅದೇ ಜಮಖಾನದ ಮೇಲೆ ಅವನು ನಕ್ಕಿದ್ದ ನಗು ನನಗೆ ನೆನಪಿತ್ತು, ಇದು ಅದಲ್ಲ.

ಆ ರಾತ್ರಿ ಉಳಿದ ಖಾಲಿ ಕಾರ್ಡುಗಳೂ ತುಂಬಿದವು. ಅವು ಮುಗಿದ ಮೇಲೆ ಕ್ಯಾಲೆಂಡರಿನ ಹಿಂಬದಿಯನ್ನು ಕತ್ತರಿಸಿ ಬರೆದೆವು. ಬೆಳಗಿನ ಮೂರು ಗಂಟೆಯವರೆಗೆ ಆಡಿದೆವು. ಅಚ್ಚಾದ ಕಾರ್ಡುಗಳನ್ನು ಯಾರೋ ಒಟ್ಟು ಮಾಡಿ ಪೆಟ್ಟಿಗೆಗೆ ಹಾಕಿ ಮೇಲಿಟ್ಟರು.

ಹಿಂದಿನ ಸಾಲಿನ ಗೆಳೆಯರೆ, ನಿಮ್ಮ ಕಪಾಟಿನಲ್ಲೂ ಅಂಥದ್ದೊಂದು ಪೆಟ್ಟಿಗೆ ಇದ್ದರೆ, ಅದು ಸಪ್ಪೆಯಾಯಿತೆಂದು ಬೇಸರಪಡಬೇಡಿ. ನೀವು ಒಬ್ಬರನ್ನೊಬ್ಬರು ಅಷ್ಟು ಬಲ್ಲವರಾಗಿದ್ದೀರಿ ಎಂದು ತಿಳಿಯಿರಿ. ಮುಂದಿನ ಸಲ ಸೇರಿದಾಗ ಒಂದು ಪೆನ್ನು, ನಾಲ್ಕು ಹಾಳೆ ತೆಗೆದುಕೊಂಡು ಕೂರಿ. ಮಾತು ಕಡಿಮೆ ಆಡುವವರ ಕೈಗೆ ಪೆನ್ನನ್ನು ಮೊದಲು ಕೊಡಿ.